ನೆಗೆಟಿವ್‌ನ ತಪ್ಪೋ, ಕಾಗದದ ತಪ್ಪೋ? ಡಿಜಿಟಲ್ ನೆಗೆಟಿವ್‌ನಿಂದ ಸಯನೋಟೈಪ್ ಮಾಡುವಾಗ ಕೈಕೊಡುವ ಜಾಗಗಳು

ಸಯನೋಟೈಪ್ ಎಂದರೆ ಕಬ್ಬಿಣದ ಲವಣದ ದ್ರಾವಣ ಬಳಿದ ಕಾಗದದ ಮೇಲೆ ಬೆಳಕಿನಿಂದ ಮೂಡಿಸುವ ನೀಲಿ ಚಿತ್ರ. ಕಂಪ್ಯೂಟರ್‌ನಲ್ಲಿ ತಿದ್ದಿದ ಫೋಟೋವನ್ನು ಪಾರದರ್ಶಕ ಫಿಲ್ಮ್ ಮೇಲೆ ನೆಗೆಟಿವ್ ಆಗಿ ಪ್ರಿಂಟ್ ತೆಗೆಯಬೇಕು. ಕಾಗದಕ್ಕೆ ದ್ರಾವಣ ಬಳಿದು ಕತ್ತಲಲ್ಲಿ ಒಣಗಿಸಬೇಕು. ಎರಡನ್ನೂ ಜೋಡಿಸಿ ಗಾಜಿನಡಿ ಇಟ್ಟು ಬಿಸಿಲಿಗೋ ಯುವಿ ದೀಪಕ್ಕೋ ಹಿಡಿದು, ನೀರಲ್ಲಿ ತೊಳೆದರೆ ಮುಗಿಯಿತು. ಹೇಳುವುದಕ್ಕೆ ಇಷ್ಟೇ.

ತೊಂದರೆ ಶುರುವಾಗುವುದು ಟ್ರೇಯಿಂದ ಕಾಗದ ಮೇಲೆತ್ತಿದಾಗ. ಚಿತ್ರ ಮಂಕಾಗಿದೆ, ಅಥವಾ ಗೆರೆ ಬಿದ್ದಿದೆ, ಅಥವಾ ಚಿತ್ರವೇ ಇಲ್ಲ. ತಪ್ಪು ಯಾರದ್ದು? 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ರಸಾಯನವೊಂದಕ್ಕೆ ಇವತ್ತಿನ ಇಂಕ್‌ಜೆಟ್ ಪ್ರಿಂಟರ್ ಕಟ್ಟಿದ್ದೇವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿನ ಜೋಡಿ ಇದು. ಕಂಪ್ಯೂಟರ್ ಚೆನ್ನಾಗಿ ಬಲ್ಲವರು ಎಲ್ಲದಕ್ಕೂ ಕರ್ವ್, ಅಂದರೆ ಚಿತ್ರದ ಕಡು-ತೆಳು ಛಾಯೆ ಹೊಂದಿಸುವ ಗೆರೆ, ತಿದ್ದಲು ಹೋಗುತ್ತಾರೆ. ಕೈಕೆಲಸದವರು ಎಲ್ಲದಕ್ಕೂ ದ್ರಾವಣ ಹೊಸದಾಗಿ ಕಲಸುತ್ತಾರೆ. ನಾನು ಮೊದಲ ಗುಂಪಿನವನು. ಒಮ್ಮೆ ಬೆಳಕಿನ ಭಾಗ ಬಿಳಿಯಾಗಲೇ ಇಲ್ಲವೆಂದು ಮೂರು ಸಂಜೆ ಕೂತು ಏಳು ಕರ್ವ್ ಮಾಡಿದೆ. ಏಳು ಫಿಲ್ಮ್ ಹಾಳು. ನಿಜವಾದ ತಪ್ಪು, ಬಳಿದ ಕಾಗದವನ್ನು ತೆಳು ಪರದೆಯ ಕಿಟಕಿ ಪಕ್ಕ ಒಣಗಲು ಹಾಕುತ್ತಿದ್ದದ್ದು.

ಅದಕ್ಕೇ ಇಲ್ಲಿ ಮೊದಲ ಕೆಲಸ ರಿಪೇರಿಯಲ್ಲ. ತಪ್ಪು ಯಾವ ಅರ್ಧದಲ್ಲಿದೆ ಎಂದು ಬೇರ್ಪಡಿಸುವುದು.

ಯಾವ ತೊಂದರೆಯಾದರೂ ಸರಿ, ಮೊದಲು ಫಾಯಿಲ್ ಪರೀಕ್ಷೆ

ಬಳಿದು ಒಣಗಿದ ಕಾಗದದಿಂದ ಅಂಗೈ ಅಗಲದ ತುಂಡು ಕತ್ತರಿಸಿಕೊಳ್ಳಿ. ಅದರ ಮೇಲೆ ನೆಗೆಟಿವ್‌ಗೆ ಬಳಸುವ ಅದೇ ಫಿಲ್ಮ್‌ನ ಚೂರು ಇಡಿ. ಫಿಲ್ಮ್‌ನ ಅರ್ಧ ಖಾಲಿ ಇರಲಿ. ಇನ್ನರ್ಧದಲ್ಲಿ ನಿಮ್ಮ ಪ್ರಿಂಟರ್ ಹಾಕಬಲ್ಲ ಅತಿ ದಟ್ಟ ಶಾಯಿಯ ಚೌಕ ಇರಲಿ. ಕಾಗದದ ಒಂದು ಅಂಚಿಗೆ ಫಿಲ್ಮ್ ಇರಬಾರದು, ಬರಿದಾಗಿ ಬಿಡಿ. ಆ ಅಂಚಿನ ಒಂದು ಮೂಲೆಯನ್ನು ಅಲ್ಯೂಮಿನಿಯಂ ಫಾಯಿಲ್ ಚೂರಿನಿಂದ ಮುಚ್ಚಿ. ನಾಣ್ಯವೂ ಆಗುತ್ತದೆ, ಆದರೆ ಅದು ಗಾಜನ್ನು ಮೇಲೆತ್ತಿ ಪಕ್ಕದ ಫಿಲ್ಮ್ ಸಡಿಲವಾಗುತ್ತದೆ. ಫಾಯಿಲ್ ಚಪ್ಪಟೆಯಾಗಿ ಕೂರುತ್ತದೆ.

ಎಂದಿನಷ್ಟೇ ಹೊತ್ತು ಬೆಳಕು ಕೊಟ್ಟು, ತೊಳೆದು, ಒಣಗಿಸಿ. ಈಗ ನಾಲ್ಕು ಪಟ್ಟಿ ಕಾಣುತ್ತವೆ: ಫಾಯಿಲ್ ಅಡಿ, ದಟ್ಟ ಶಾಯಿ ಅಡಿ, ಖಾಲಿ ಫಿಲ್ಮ್ ಅಡಿ, ಬರಿ ಕಾಗದ.

ಫಾಯಿಲ್ ಅಡಿಯೇ ನೀಲಿ ಇದೆಯೇ? ಅಲ್ಲಿಗೆ ಬೆಳಕೇ ಹೋಗಿಲ್ಲ. ಹಾಗಾಗಿ ತಪ್ಪು ಕಾಗದದ್ದು, ದ್ರಾವಣದ್ದು ಅಥವಾ ಒಣಗಿಸಿದ ಜಾಗದ್ದು. ಕಂಪ್ಯೂಟರ್ ಮುಚ್ಚಿಡಿ, ಅದು ಪಾಪ ಏನೂ ಮಾಡಿಲ್ಲ.

ಫಾಯಿಲ್ ಅಡಿ ಬಿಳಿ, ಆದರೆ ದಟ್ಟ ಶಾಯಿ ಅಡಿ ನೀಲಿ? ಶಾಯಿ ಯುವಿ ಬೆಳಕನ್ನು ತಡೆಯುತ್ತಿಲ್ಲ, ಅಥವಾ ನೀವು ಬೆಳಕು ಜಾಸ್ತಿ ಕೊಟ್ಟಿದ್ದೀರಿ.

ಖಾಲಿ ಫಿಲ್ಮ್ ಅಡಿಯ ನೀಲಿ, ಬರಿ ಕಾಗದದ ನೀಲಿಗಿಂತ ತೆಳುವಾಗಿದೆಯೇ? ಬೆಳಕು ಸಾಲದು. ಎರಡೂ ಒಂದೇ ಕಡುನೀಲಿ ಆಗುವವರೆಗೆ ಹೊತ್ತು ಹೆಚ್ಚಿಸುತ್ತಾ ಹೋಗಿ. ಎರಡರ ನಡುವಿನ ಗೆರೆ ಕಾಣದಂತಾಗುವ ಅತಿ ಕಡಿಮೆ ಹೊತ್ತೇ ನಿಮ್ಮ ಎಕ್ಸ್‌ಪೋಶರ್. ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ನಾಲ್ಕೂ ಪಟ್ಟಿ ಸರಿಯಾಗಿದ್ದು ಚಿತ್ರ ಮಾತ್ರ ಸರಿಯಿಲ್ಲವೇ? ಆಗ ಕರ್ವ್ ತೆರೆಯಬಹುದು.

ಒಂದು ಸಣ್ಣ ಉಪಾಯ. ಸಯನೋಟೈಪ್‌ನ ನೀಲಿ ಪೂರ್ತಿ ಗಾಢವಾಗಲು ಒಂದು ದಿನ ಬೇಕು, ಗಾಳಿಯ ಆಮ್ಲಜನಕ ನಿಧಾನವಾಗಿ ಆ ಕೆಲಸ ಮಾಡುತ್ತದೆ. ಪರೀಕ್ಷೆಯ ಪಟ್ಟಿಗೆ ಅಷ್ಟು ಕಾಯಲಾಗದಿದ್ದರೆ, ಕೊನೆಯ ನೀರಿಗೆ 3% ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಹಾಕಿ ಅದ್ದಿ. ಕಣ್ಣೆದುರೇ ನೀಲಿ ಏರುತ್ತದೆ.

ಶುರು ಮಾಡುವ ಮೊದಲು ಸುರಕ್ಷತೆ

ಸಯನೋಟೈಪ್‌ಗೆ ಬೇಕಾದದ್ದು ಹಸಿರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್. ಎರಡನೆಯದರ ಹೆಸರು ಕೇಳಿ ಹೆದರುವವರಿದ್ದಾರೆ. ಸಾಮಾನ್ಯ ಬಳಕೆಯಲ್ಲಿ ಅದರ ವಿಷ ಕಡಿಮೆ. ಆದರೆ ಪ್ರಬಲ ಆಮ್ಲ ಸೇರಿಸಿದರೆ, ಅದರಲ್ಲೂ ಬಿಸಿ ಮಾಡಿದರೆ, ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ. ಅದು ಕೊಲ್ಲುವ ವಿಷ. ತೊಳೆಯುವ ನೀರಿಗೆ ವಿನೆಗರ್ ಅಥವಾ ಚಿಟಿಕೆ ಸಿಟ್ರಿಕ್ ಆಮ್ಲ ಪರವಾಗಿಲ್ಲ. ಬಚ್ಚಲು ತೊಳೆಯುವ ಆಮ್ಲ ಮಾತ್ರ ಹತ್ತಿರವೂ ಬರಬಾರದು.

ಪುಡಿ ತೂಗುವಾಗ ಮಾಸ್ಕ್, ಬಳಿಯುವಾಗ ಕೈಗವಸು. ಅಳತೆ ಚಮಚ, ಬಟ್ಟಲು ಎಲ್ಲ ಇದಕ್ಕೇ ಬೇರೆ ಇರಲಿ. ಅಡುಗೆಮನೆಗೆ ವಾಪಸ್ ಹೋಗಬಾರದು.

ಯುವಿ ದೀಪ ಬಳಸುವವರು 365ರಿಂದ 395 ನ್ಯಾನೋಮೀಟರ್ ದೀಪ ತೆಗೆದುಕೊಳ್ಳಿ. ಕ್ರಿಮಿ ಕೊಲ್ಲಲು ಮಾರುವ ಯುವಿ-ಸಿ ದೀಪ ಬೇಡವೇ ಬೇಡ. ಅದು ಕಣ್ಣು, ಚರ್ಮ ಸುಡುತ್ತದೆ. ಸಾಮಾನ್ಯ ಯುವಿ ದೀಪವನ್ನೂ ದಿಟ್ಟಿಸಿ ನೋಡಬೇಡಿ, ಯುವಿ ತಡೆಯುವ ಕನ್ನಡಕ ಹಾಕಿ. ಪೆಟ್ಟಿಗೆ ತೆರೆಯುವ ಮುನ್ನ ಸ್ವಿಚ್ ಆಫ್. ಮನೆಯಲ್ಲೇ ಕಟ್ಟಿದ ದೀಪದ ಪೆಟ್ಟಿಗೆ ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೆ ನಿಲ್ಲಿಸಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಅದನ್ನು ಹಚ್ಚಬೇಡಿ, ಪಕ್ಕದಲ್ಲೇ ನೀರಿನ ಟ್ರೇ ಇದೆ ಅಲ್ವಾ?

ಕಣ್ಣಿಗೆ ದ್ರಾವಣ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ಡಬ್ಬಿಯ ಚೀಟಿ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ.

ಚಿತ್ರ ಉಲ್ಟಾ ಬಂದಿದೆ

ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ, ಪ್ರಿಂಟ್ ಕೊಡುವ ಮುನ್ನ ಚಿತ್ರವನ್ನು ಎಡಬಲ ತಿರುಗಿಸಲು ಮರೆತಿದ್ದೀರಿ. ಫಿಲ್ಮ್‌ನ ಶಾಯಿ ಇರುವ ಬದಿ ಕಾಗದಕ್ಕೆ ತಾಗಬೇಕು, ಅದಕ್ಕಾಗಿಯೇ ಈ ತಿರುಗಿಸುವ ಕೆಲಸ. ಫಿಲ್ಮ್ ಅನ್ನೇ ಮಗುಚಿ ಇಟ್ಟರಾಯಿತು ಅನ್ನಬೇಡಿ. ಆಗ ಶಾಯಿಗೂ ಕಾಗದಕ್ಕೂ ನಡುವೆ ಫಿಲ್ಮ್‌ನ ದಪ್ಪ ಬಂದು ಚಿತ್ರ ಮಸುಕಾಗುತ್ತದೆ.

ಮುಖ ಕಪ್ಪಾಗಿ ಕೂದಲು ಬೆಳ್ಳಗೆ ಬಂದರೆ, ಬಣ್ಣ ತಿರುವಿ ಹಾಕುವುದು ತಪ್ಪಿದೆ. ಇದಕ್ಕೆ ಜಾಸ್ತಿ ಹೇಳುವುದೇನಿಲ್ಲ.

ತೊಳೆದಾಗ ಚಿತ್ರವೇ ಹೊರಟುಹೋಯಿತು

ಹೊಸಬರಿಗೆ ಮೊದಲು ಸಿಗುವ ನಿರಾಸೆ ಇದೇ. ಫ್ರೇಮ್‌ನಲ್ಲಿ ಚಿತ್ರ ಚೆನ್ನಾಗಿ ಕಾಣುತ್ತಿತ್ತು. ನೀರಿಗೆ ಹಾಕಿದ್ದೇ ತಡ, ನೀಲಿ ನೀರು ಹರಿದು ಕಾಗದ ಬಿಳಿಚಿಕೊಂಡಿತು.

ಹತ್ತರಲ್ಲಿ ಎಂಟು ಸಲ ಕಾರಣ ಒಂದೇ: ಬೆಳಕು ಸಾಲಲಿಲ್ಲ. ತೊಳೆಯುವ ಮುಂಚೆ ಕಾಗದದ ಬರಿ ಅಂಚನ್ನು ಗಮನಿಸಿ. ಒಣಗಿದ ಕೋಟಿಂಗ್ ಹಸಿರು ಮಿಶ್ರಿತ ಹಳದಿ. ಬೆಳಕು ತಗುಲಿದಂತೆ ಹಸಿರಾಗಿ, ನೀಲಿಯಾಗಿ, ಕೊನೆಗೆ ಬೂದಿ ಬಳಿದ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ನೀಲಿ ಕಂಡ ಕೂಡಲೇ ತೆಗೆಯುವುದೇ ತಪ್ಪು. ಕಡು ಭಾಗಗಳು ಮತ್ತೆ ತೆಳುವಾದಂತೆ, ಬೂದಿಯಂತೆ ಕಾಣುವವರೆಗೆ ಬಿಡಿ. ಹಾಳಾಯಿತು ಅನ್ನಿಸುತ್ತದೆ, ಆಗಿರುವುದಿಲ್ಲ. ತೊಳೆದು ಒಣಗಿದ ಮೇಲೆ ಆ ಬೂದಿಯೇ ಕಡುನೀಲಿ.

ಹೊತ್ತು ಹೆಚ್ಚಿಸಿದರೂ ಅದೇ ಕಥೆಯಾದರೆ ಗಾಜನ್ನು ಅನುಮಾನಿಸಿ. ಮಾಮೂಲಿ ಕಿಟಕಿ ಗಾಜು ನಮಗೆ ಬೇಕಾದ ಯುವಿಯನ್ನು ಬಹುಪಾಲು ಬಿಡುತ್ತದೆ. ಆದರೆ ಚಿತ್ರಗಳಿಗೆ ಕಟ್ಟು ಹಾಕಲು ಮಾರುವ ಯುವಿ ತಡೆಯುವ ಗಾಜು, ಎರಡು ಪದರ ಅಂಟಿಸಿದ ಗಾಜು, ಕೆಲವು ಅಕ್ರಿಲಿಕ್ ಹಾಳೆಗಳು ತಡೆದುಬಿಡುತ್ತವೆ. ಎರಡು ಪಟ್ಟಿ ಕಾಗದ ತೆಗೆದುಕೊಳ್ಳಿ. ಒಂದನ್ನು ಗಾಜಿನಡಿ, ಒಂದನ್ನು ಬಯಲಲ್ಲಿ ಇಡಿ. ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ದೀಪವನ್ನೂ ಹೀಗೇ ಪರೀಕ್ಷಿಸಿ. ನೇರಳೆ ಬಣ್ಣ ಕಂಡ ಮಾತ್ರಕ್ಕೆ ಅದು ಯುವಿ ದೀಪವಾಗುವುದಿಲ್ಲ.

ದೀಪವೂ ಸರಿ, ಗಾಜೂ ಸರಿ ಅಂದರೆ ಉಳಿದದ್ದು ಕೋಟಿಂಗ್. ದ್ರಾವಣ ಕಾಗದದ ನಾರಿನೊಳಗೆ ಇಳಿಯಬೇಕು. ತೀರಾ ನುಣುಪಾದ ಕಾಗದದಲ್ಲಿ ಅದು ಮೇಲೆಯೇ ಕೆನೆಯಂತೆ ನಿಂತು, ನೀರು ಬಿದ್ದಾಗ ಪದರವಾಗಿ ಎದ್ದುಹೋಗುತ್ತದೆ. ದ್ರಾವಣ ಮಡುಗಟ್ಟಿದ ಜಾಗದಲ್ಲೂ ಹಾಗೇ. ಬಳಿದ ಮೇಲೆ ಕಾಗದ ಓರೆಯಾಗಿ ಹಿಡಿದು ನೋಡಿ. ಎಲ್ಲಾದರೂ ಮಿರುಗುತ್ತಿದ್ದರೆ ಒಣ ಬ್ರಷ್‌ನಿಂದ ಎಳೆದುಬಿಡಿ.

ಬಿಳಿ ಇರಬೇಕಾದಲ್ಲಿ ನೀಲಿ ಇದೆ

ನನ್ನ ಏಳು ಕರ್ವ್‌ಗಳ ಗೋಳು ಇದೇ. ಫಾಯಿಲ್ ಪರೀಕ್ಷೆ ಇದನ್ನು ಎರಡು ದಾರಿಗೆ ಒಡೆಯುತ್ತದೆ.

*ಫಾಯಿಲ್ ಅಡಿಯೂ ನೀಲಿಯಾದರೆ.* ಬಳಿದ ಕಾಗದದ ಒಂದು ಚೂರನ್ನು ಬೆಳಕಿಗೆ ಒಡ್ಡದೆ ನೇರ ನೀರಿಗೆ ಹಾಕಿ. ಹಳದಿ ಪೂರ್ತಿ ಬಿಟ್ಟು ಕಾಗದ ಬಿಳಿಯಾಗಬೇಕು. ಆಗಲಿಲ್ಲವೇ? ಅಗ್ಗದ ಕಾರಣದಿಂದ ಶುರು ಮಾಡಿ. ಒಣಗಿಸುವ ಕೋಣೆಗೆ ಹಗಲು ಬೆಳಕು ನುಸುಳುತ್ತಿದೆಯೇ? ಮಂದ ಹಳದಿ ಬಲ್ಬ್‌ನ ಕೆಳಗೆ ಬಳಿದರೆ ತೊಂದರೆಯಿಲ್ಲ, ಕಿಟಕಿ ಬೆಳಕಿಗೆ ಆಗುವುದಿಲ್ಲ. ಕಾಗದ ಬಳಿದು ಎಷ್ಟು ದಿನವಾಯಿತು? ಅದೇ ದಿನ ಬಳಸುವುದು ವಾಸಿ. ತೇವದ ಹವೆಯಲ್ಲಿ ಒಂದೆರಡು ದಿನಕ್ಕೇ ಹಳದಿ ಹಸಿರಿಗೆ ತಿರುಗುತ್ತದೆ. ಎರಡು ದ್ರಾವಣವನ್ನೂ ಬೆರೆಸಿ ಇಟ್ಟಿದ್ದೀರಾ? ಬೇರೆ ಬೇರೆ ಕಪ್ಪು ಬಾಟಲಿಯಲ್ಲಿದ್ದರೆ ತಿಂಗಳುಗಟ್ಟಲೆ ಇರುತ್ತವೆ, ಬೆರೆಸಿದ್ದು ಬೇಗ ಕೆಡುತ್ತದೆ. ಬೆರಕೆ ಬಾಟಲಿಯಲ್ಲೇ ನೀಲಿಯಾಗಿದ್ದರೆ ಇನ್ನು ಅದು ಕೆಲಸಕ್ಕೆ ಬಾರದು. ಸಿಟ್ರೇಟ್ ದ್ರಾವಣದ ಮೇಲೆ ಬೂಷ್ಟು ತೇಲುವುದು ಮಾಮೂಲಿ. ಸ್ವಲ್ಪವಿದ್ದರೆ ಕಾಫಿ ಸೋಸುವ ಕಾಗದದಲ್ಲಿ ಸೋಸಿ. ಜಾಸ್ತಿ ಇದ್ದರೆ ಹೊಸದು ಮಾಡಿ.

ಇಷ್ಟಾದರೂ ಹೋಗದಿದ್ದರೆ ಬೇರೆ ಕಂಪನಿಯ ಕಾಗದದ ಒಂದು ಹಾಳೆ ತಂದು ಅದೇ ದ್ರಾವಣ ಬಳಿಯಿರಿ. ಅಲ್ಲಿ ಬಿಳಿ ಬಂದರೆ ಹಳೆಯ ಕಾಗದವೇ ಕಾರಣ. ಬಾಳಿಕೆ ಬರಲೆಂದು ಕೆಲವು ಕಾಗದಗಳಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ಅದು ಕ್ಷಾರ. ಸಯನೋಟೈಪ್‌ಗೆ ಕ್ಷಾರ ಆಗಿಬರುವುದಿಲ್ಲ: ನೀಲಿ ಸಪ್ಪೆಯಾಗುತ್ತದೆ, ಅಂಚು ಹಳದಿಯಾಗುತ್ತದೆ. ಬಳಿಯುವ ಮುನ್ನ ಕಾಗದವನ್ನು ತೆಳು ಸಿಟ್ರಿಕ್ ಆಮ್ಲದಲ್ಲಿ ನೆನೆಸಿ, ತೊಳೆದು ಒಣಗಿಸುವವರಿದ್ದಾರೆ. ನನಗೆ ಕೇಳಿದರೆ ಕಾಗದ ಬದಲಿಸುವುದೇ ಸುಲಭ.

*ಫಾಯಿಲ್ ಅಡಿ ಬಿಳಿ, ಶಾಯಿ ಅಡಿ ಮಾತ್ರ ನೀಲಿಯಾದರೆ.* ಈಗ ಪ್ರಿಂಟರ್ ಕಡೆ ಬನ್ನಿ. ಮೊದಲು ಹೊತ್ತು ನೋಡಿ. ಬರಿ ಕಾಗದ ಮತ್ತು ಖಾಲಿ ಫಿಲ್ಮ್ ಸಮವಾಗಲು ಬೇಕಾದ್ದಕ್ಕಿಂತ ಜಾಸ್ತಿ ಬಿಟ್ಟಿದ್ದರೆ ಅದನ್ನು ಇಳಿಸಿ. ಆಮೇಲೆ ಪ್ರಿಂಟ್ ಸೆಟ್ಟಿಂಗ್. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಕಾಗದದ ಬಗೆ ಸುಮ್ನೆ ಸಾದಾ ಕಾಗದಕ್ಕೆ ಹೋಗಿ ಕೂತಿರುತ್ತದೆ. ಆಗ ಶಾಯಿ ಕಡಿಮೆ ಬೀಳುತ್ತದೆ. ಹೊಳಪು ಫೋಟೋ ಕಾಗದದ ಆಯ್ಕೆ ಹಾಕಿ, ಗುಣಮಟ್ಟ ಅತಿ ಹೆಚ್ಚು ಇರಲಿ. ಫಿಲ್ಮ್ ಇಂಕ್‌ಜೆಟ್‌ಗೆಂದೇ ಮಾಡಿದ್ದಾಗಿರಬೇಕು, ಲೇಪ ಇರುವ ಬದಿಗೇ ಪ್ರಿಂಟ್ ಆಗಬೇಕು. ಒದ್ದೆ ಬೆರಳಿನಿಂದ ಮೂಲೆ ಮುಟ್ಟಿದರೆ ಲೇಪವಿರುವ ಬದಿ ಅಂಟಂಟಾಗುತ್ತದೆ. ಇಂಕ್‌ಜೆಟ್ ಫಿಲ್ಮ್ ಅನ್ನು ಲೇಸರ್ ಪ್ರಿಂಟರ್‌ಗೆ ಮಾತ್ರ ಹಾಕಬೇಡಿ. ಒಳಗಿನ ಬಿಸಿಗೆ ಕರಗಿ ರೋಲರ್‌ಗೆ ಸುತ್ತಿಕೊಂಡರೆ ಪ್ರಿಂಟರ್‌ನ ಕಥೆ ಮುಗಿಯಿತು.

ಇನ್ನೂ ನೀಲಿಯೇ? ಇಲ್ಲಿ ಕಣ್ಣು ಮೋಸ ಮಾಡುವ ಒಂದು ವಿಷಯವಿದೆ. ಕಣ್ಣಿಗೆ ಗಾಢವಾಗಿ ಕಾಣುವ ಶಾಯಿ ಯುವಿಗೂ ಗಾಢವಾಗಿರಬೇಕೆಂದಿಲ್ಲ. ಕಡು ಗುಲಾಬಿಯ ಚೌಕ ಯುವಿಯನ್ನು ಧಾರಾಳವಾಗಿ ಬಿಟ್ಟುಬಿಡಬಹುದು. ನೋಡಲು ತೆಳುವಾದ ಹಳದಿ, ಹಸಿರು ಚೆನ್ನಾಗಿ ತಡೆಯಬಹುದು. ಒಂದು ಫಿಲ್ಮ್‌ನಲ್ಲಿ ಹತ್ತಿಪ್ಪತ್ತು ಬಣ್ಣದ ಚೌಕಗಳನ್ನು ಪೂರ್ತಿ ದಟ್ಟವಾಗಿ ಪ್ರಿಂಟ್ ಮಾಡಿ ಸಯನೋಟೈಪ್ ತೆಗೆಯಿರಿ. ಯಾವುದರ ಅಡಿ ಅತಿ ಬಿಳಿಯೋ ಅದು ನಿಮ್ಮ ಪ್ರಿಂಟರ್‌ನ ತಡೆಗೋಡೆ. ಕಪ್ಪು ಬಿಳುಪು ನೆಗೆಟಿವ್‌ಗೆ ಆ ಬಣ್ಣದ ಲೇಪ ಕೊಟ್ಟರೆ ಸಾಕಾಗುತ್ತದೆ. ನನ್ನ ನೆಗೆಟಿವ್‌ಗಳೆಲ್ಲ ಪಾಚಿ ಹಸಿರು, ನೋಡಿದವರು ನಗುತ್ತಾರೆ. ನಗಲಿ ಬಿಡಿ, ಬಿಳಿ ಬಿಳಿಯಾಗಿ ಬಂದರಾಯಿತು.

ಕಡುನೀಲಿ ಇದೆ, ಬಿಳಿ ಇದೆ, ನಡುವಿನದು ಸರಿಯಿಲ್ಲ

ಫಾಯಿಲ್ ಪರೀಕ್ಷೆ ಪಾಸಾಗಿ ಇಲ್ಲಿಗೆ ಬಂದಿದ್ದರೆ ಸರಿ. ಈಗ ಕರ್ವ್ ಮಾಡುವ ಸಮಯ.

0ರಿಂದ 100%ವರೆಗೆ 5% ಅಂತರದಲ್ಲಿ 21 ಚೌಕಗಳ ಪಟ್ಟಿ ಮಾಡಿ. ಕರ್ವ್ ಇಲ್ಲದೆ ನೆಗೆಟಿವ್ ಮಾಡಿ ಸಯನೋಟೈಪ್ ತೆಗೆಯಿರಿ. ಒಂದು ದಿನ ಒಣಗಲಿ. ಆಮೇಲೆ ಸ್ಕ್ಯಾನ್ ಮಾಡಿ, ಸ್ಕ್ಯಾನರ್‌ನ ತಾನಾಗಿ ತಿದ್ದುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಇಲ್ಲದಿದ್ದರೆ ಅದು ತನ್ನ ಬುದ್ಧಿ ಉಪಯೋಗಿಸಿ ನಿಮ್ಮ ಅಳತೆ ಕೆಡಿಸುತ್ತದೆ. ಯಾವ ಚೌಕ ಎಷ್ಟು ಕಪ್ಪಾಗಿ ಬಂದಿದೆ ನೋಡಿ, ಅದನ್ನು ಸರಿದೂಗಿಸುವ ಕರ್ವ್ ಎಳೆಯಿರಿ. ಈ ಲೆಕ್ಕ ಮಾಡಿಕೊಡುವ ಸಾಧನಗಳೂ ಇವೆ. ಶಾಯಿಯನ್ನೇ ನೇರ ಹಿಡಿತಕ್ಕೆ ತೆಗೆದುಕೊಳ್ಳಬೇಕೆಂದರೆ ಕ್ವಾಡ್‌ಟೋನ್‌ರಿಪ್‌ನಂಥ ಸಾಫ್ಟ್‌ವೇರ್ ಇದೆ, ಆದರೆ ಅದು ಎಲ್ಲ ಪ್ರಿಂಟರ್‌ಗೂ ಹೊಂದುವುದಿಲ್ಲ.

ಕರ್ವ್ ಹಾಕಿದ ಮೇಲೆ ಚಿತ್ರ ಮುಂಚಿಗಿಂತ ಕೆಟ್ಟಿದೆಯೇ? ಕ್ರಮ ನೋಡಿ. ಪಾಸಿಟಿವ್ ಚಿತ್ರಕ್ಕೆ ಮಾಡಿದ ಕರ್ವ್ ಅನ್ನು ಬಣ್ಣ ತಿರುವುವ ಮುಂಚೆಯೇ ಹಾಕಬೇಕು. ತಿರುವಿದ ಮೇಲೆ ಹಾಕಿದರೆ ಕಡು ಭಾಗಕ್ಕೆ ಹೋಗಬೇಕಿದ್ದ ಮದ್ದು ಬೆಳಕಿನ ಭಾಗಕ್ಕೆ ಹೋಗುತ್ತದೆ.

ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಒಡೆದಿದ್ದರೆ ಫೈಲ್ ಬಹುಶಃ 8 ಬಿಟ್‌ನದ್ದು, ಅಂದರೆ ಅದರಲ್ಲಿ ಛಾಯೆಗಳ ಮೆಟ್ಟಿಲು ಕಡಿಮೆ. 16 ಬಿಟ್‌ನಲ್ಲಿ ಮೊದಲಿನಿಂದ ಕೆಲಸ ಮಾಡಿ. ಆಮೇಲೆ 16 ಬಿಟ್‌ಗೆ ಬದಲಿಸಿದರೆ ಹೋದದ್ದು ಬರುವುದಿಲ್ಲ.

ಕರ್ವ್ ತುಂಬಾ ಕಡಿದಾಗಿ, ಗೋಡೆಯಂತೆ ನಿಂತಿದ್ದರೆ ಅದು ಕರ್ವ್‌ನ ತಪ್ಪಲ್ಲ. ಶಾಯಿ ಬೇಕಾದ್ದಕ್ಕಿಂತ ತೀರಾ ಜಾಸ್ತಿ ತಡೆಯುತ್ತಿದೆ ಎಂದರ್ಥ. ಶಾಯಿಯ ದಟ್ಟತೆ ಇಳಿಸಿ, ಮತ್ತೆ ಪಟ್ಟಿ ತೆಗೆಯಿರಿ. ಎರಡು ಸಲ ಪಟ್ಟಿ ತೆಗೆದು ಎರಡೂ ಬೇರೆ ಬೇರೆಯಾಗಿ ಬಂದರೆ ಕರ್ವ್ ಮಾಡುವುದನ್ನೇ ನಿಲ್ಲಿಸಿ. ಅಲುಗಾಡುವ ನೆಲದ ಮೇಲೆ ಅಳತೆ ಹಿಡಿದು ಏನು ಪ್ರಯೋಜನ? ಮೊದಲು ಬಳಿಯುವ ಕೈ, ಒಣಗಿಸುವ ಹೊತ್ತು, ಬೆಳಕು ಒಂದು ಹದಕ್ಕೆ ಬರಲಿ.

ಗೆರೆ, ಪಟ್ಟೆ, ಚುಕ್ಕೆ

ಗೆರೆ ಪ್ರಿಂಟರ್‌ನದ್ದೋ ಬ್ರಷ್‌ನದ್ದೋ? ಅದೇ ನೆಗೆಟಿವ್ ಅನ್ನು ಮುಂದಿನ ಕಾಗದದ ಮೇಲೆ 90 ಡಿಗ್ರಿ ತಿರುಗಿಸಿ ಇಡಿ. ಗೆರೆ ಚಿತ್ರದ ಜೊತೆ ತಿರುಗಿದರೆ ಪ್ರಿಂಟರ್. ಬ್ರಷ್ ಎಳೆದ ದಿಕ್ಕಿನಲ್ಲೇ ಉಳಿದರೆ ಕೋಟಿಂಗ್. ತಿರುಗದೆ, ಫ್ರೇಮ್‌ನ ಒಂದೇ ಕಡೆ ತೆಳುವಾಗಿ ಉಳಿದರೆ ದೀಪದ ಬೆಳಕು ಸಮನಾಗಿ ಬೀಳುತ್ತಿಲ್ಲ.

ಪ್ರಿಂಟರ್ ಎಂದಾದರೆ ನಾಝಲ್ ಚೆಕ್, ಅಂದರೆ ಶಾಯಿ ಚಿಮ್ಮುವ ತೂತುಗಳ ಪರೀಕ್ಷೆಯ ಪ್ರಿಂಟ್, ತೆಗೆಯಿರಿ. ಖಾಲಿ ಕಂಡಿ ಇದ್ದರೆ ಹೆಡ್ ಕ್ಲೀನಿಂಗ್ ಒಂದೆರಡು ಸಲ ಮಾಡಿ, ರಾತ್ರಿಯಿಡೀ ಬಿಟ್ಟು ಮತ್ತೆ ನೋಡಿ. ಸಿಟ್ಟಿನಲ್ಲಿ ಹತ್ತು ಸಲ ಮಾಡಿದರೆ ಶಾಯಿ ಖಾಲಿ, ಹೆಚ್ಚಾದ ಶಾಯಿ ಹೀರುವ ಪ್ಯಾಡ್ ಭರ್ತಿ. ಮೂರನೇ ಸಲವೂ ಕಂಡಿ ಹೋಗದಿದ್ದರೆ ರಿಪೇರಿಯವರಿಗೆ ಬಿಡಿ. ಕಂಡಿ ಇಲ್ಲದೆಯೂ ಪಟ್ಟೆ ಇದ್ದರೆ ಹೆಡ್ ಜೋಡಣೆ ಸರಿಪಡಿಸಿ, ಎರಡೂ ದಿಕ್ಕಿಗೆ ವೇಗವಾಗಿ ಪ್ರಿಂಟ್ ಮಾಡುವ ಆಯ್ಕೆ ತೆಗೆಯಿರಿ.

ಸಮ ಅಂತರದಲ್ಲಿ ಸೂಜಿ ಚುಚ್ಚಿದಂಥ ಚುಕ್ಕೆಗಳ ಸಾಲು ಬೆಳಕಿನ ಭಾಗದಲ್ಲಿ ಕಂಡರೆ, ಅದು ಫಿಲ್ಮ್ ಅನ್ನು ಒತ್ತಿ ಹಿಡಿಯುವ ಹಲ್ಲಿನ ಚಕ್ರಗಳ ಗುರುತು. ಹಸಿ ಶಾಯಿಯ ಮೇಲೆ ಅವು ನಡೆದು ಹೋಗಿರುತ್ತವೆ. ಒಣಗುವ ಹೊತ್ತು ಹೆಚ್ಚಿಸುವ, ದಪ್ಪ ಕಾಗದವೆಂದು ಹೇಳುವ ಸೆಟ್ಟಿಂಗ್ ಇದ್ದರೆ ಬಳಸಿ.

ಬಿಡಿ ಚುಕ್ಕೆಗಳಿಗೂ ಭಾಷೆ ಇದೆ. ಬಿಳಿ ಚುಕ್ಕೆ ಎಂದರೆ ಧೂಳು, ಬೆಳಕನ್ನು ತಡೆದಿದೆ. ನೆಗೆಟಿವ್ ಒರೆಸಿ. ಪ್ರತಿ ಪ್ರಿಂಟ್‌ನಲ್ಲೂ ಅದೇ ಜಾಗದಲ್ಲಿ ಕಡುನೀಲಿ ಚುಕ್ಕೆ ಬಂದರೆ ಶಾಯಿಯಲ್ಲಿ ಸಣ್ಣ ತೂತಿದೆ. ಜಾಗ ಬದಲಿಸುತ್ತಾ, ಸುತ್ತ ಮಬ್ಬು ನೀಲಿ ಹರಡಿದ ಚುಕ್ಕೆಯಾದರೆ ಕಬ್ಬಿಣದ ಚೂರು. ಬ್ರಷ್‌ನ ತಗಡಿನ ಪಟ್ಟಿ ತುಕ್ಕು ಹಿಡಿದಿದೆಯೇ ನೋಡಿ. ನನ್ನದರಲ್ಲಿ ಹಿಡಿದಿತ್ತು. ಲೋಹವಿಲ್ಲದ ಬ್ರಷ್‌ಗೆ ಬದಲಾದ ಮೇಲೆ ಆ ಚುಕ್ಕೆಗಳು ಮತ್ತೆ ಬಂದಿಲ್ಲ.

ಚಿತ್ರ ಮಸುಕಾಗಿದೆ

ಶಾಯಿ ಬದಿ ಕಾಗದಕ್ಕೆ ತಾಗಿದೆಯೇ, ಇದೊಂದು ನೋಡಿ. ಅದು ಸರಿಯಿದ್ದು ನಡುವೆ ಮಾತ್ರ ಮಸುಕಾದರೆ ಒತ್ತಡ ಸಾಲದು. ಕಾಗದದ ಹಿಂದೆ ತೆಳು ಫೋಮ್ ಹಾಳೆ ಇಟ್ಟು ಫ್ರೇಮ್ ಬಿಗಿ ಮಾಡಿ. ಕಾಗದ ಅಲೆ ಅಲೆಯಾಗಿ ಒಣಗಿದ್ದರೆ ಬಳಸುವ ಮುನ್ನ ಭಾರದ ಪುಸ್ತಕದಡಿ ಕತ್ತಲಲ್ಲಿ ಇಡಿ. ಮೋಡದ ಬೆಳಕು ಎಲ್ಲ ದಿಕ್ಕಿನಿಂದ ಬರುವುದರಿಂದ ಸಡಿಲ ಜೋಡಣೆಯ ತಪ್ಪನ್ನು ಎತ್ತಿ ತೋರಿಸುತ್ತದೆ. ನೇರ ಬಿಸಿಲು ಸ್ವಲ್ಪ ಮುಚ್ಚಿಹಾಕುತ್ತದೆ.

ನೆಗೆಟಿವ್ ಕಾಗದಕ್ಕೆ ಅಂಟಿಕೊಂಡಿತು

ಕಾಗದದಲ್ಲಿ ಇನ್ನೂ ತೇವವಿತ್ತು, ಇಲ್ಲವೇ ಶಾಯಿ ಒಣಗಿರಲಿಲ್ಲ. ಮುಟ್ಟಿ ನೋಡಿದರೆ ಒಣಗಿದಂತೆ ಅನ್ನಿಸುವ ಕಾಗದ ಒಳಗೆ ತಣ್ಣಗಿರುತ್ತದೆ. ಕೆನ್ನೆಗೆ ತಾಗಿಸಿ ನೋಡುವುದು ಹಳೆಯ ಅಭ್ಯಾಸ, ಆದರೆ ಹಿಂಬದಿಯನ್ನು ತಾಗಿಸಿ, ಬಳಿದ ಬದಿಯನ್ನಲ್ಲ. ತಣ್ಣಗಿದ್ದರೆ ಇನ್ನೂ ಕಾಯಿರಿ. ಫಿಲ್ಮ್‌ಗೂ ಕನಿಷ್ಠ ಒಂದೆರಡು ಗಂಟೆ ಬಿಡಿ. ಮಳೆಗಾಲದಂಥ ಹವೆಯಲ್ಲಿ ನಡುವೆ ತೀರಾ ತೆಳುವಾದ ಪಾಲಿಯೆಸ್ಟರ್ ಹಾಳೆ ಹಾಕಿದರೆ ನೆಗೆಟಿವ್ ಉಳಿಯುತ್ತದೆ, ಚೂಪು ಕೊಂಚ ಕಡಿಮೆಯಾಗುತ್ತದೆ.

ನಿನ್ನೆ ಚೆನ್ನಾಗಿ ಬಂತು, ಇವತ್ತು ಬರುತ್ತಿಲ್ಲ

ಏನೂ ಬದಲಾಗಿಲ್ಲ ಅನ್ನುತ್ತೀರಿ. ಬಿಸಿಲು ಬದಲಾಗಿದೆ, ಗಾಳಿಯ ತೇವ ಬದಲಾಗಿದೆ, ಶಾಯಿ ಕಾರ್ಟ್ರಿಜ್ ಬದಲಾಗಿರಬಹುದು.

ಇದಕ್ಕೆ ನನ್ನ ಬಳಿ ಇರುವುದು ಒಂದೇ ಮದ್ದು: ಕಾರ್ಖಾನೆಯಲ್ಲಿ ಅಳೆದು ಮಾಡಿದ 21 ಮೆಟ್ಟಿಲಿನ ಸ್ಟೆಪ್ ಟ್ಯಾಬ್ಲೆಟ್, ಅಂದರೆ ತೆಳುವಿನಿಂದ ದಟ್ಟಕ್ಕೆ ಹಂತ ಹಂತವಾಗಿ ಏರುವ ಫಿಲ್ಮ್ ಪಟ್ಟಿ. ಒಂದೊಂದು ಮೆಟ್ಟಿಲಿಗೆ 0.15ರಷ್ಟು ದಟ್ಟತೆ ಏರುತ್ತದೆ. ಅಂದರೆ ಎರಡು ಮೆಟ್ಟಿಲು ದಾಟಿದರೆ ಬೆಳಕು ಅರ್ಧ. ಚೆನ್ನಾಗಿ ಬಂದ ದಿನ ಅದರ ಪ್ರಿಂಟ್ ಒಂದನ್ನು ತೆಗೆದು ಕತ್ತಲಲ್ಲಿ ಇಟ್ಟುಕೊಳ್ಳಿ. ಮುಂದೆ ಪ್ರತಿ ಚಿತ್ರದ ಪಕ್ಕದಲ್ಲೂ ಅದೇ ಟ್ಯಾಬ್ಲೆಟ್ ಇಡಿ. ಹಳೆಯದರಲ್ಲಿ ಎಂಟನೇ ಮೆಟ್ಟಿಲಿನವರೆಗೆ ನೀಲಿ ಇದ್ದು ಇವತ್ತು ಆರಕ್ಕೇ ನಿಂತಿದೆಯೇ? ಹೊತ್ತು ಎರಡು ಪಟ್ಟು ಮಾಡಿ. ಮೆಟ್ಟಿಲು ಸರಿಯಾಗಿದ್ದು ಚಿತ್ರ ಮಾತ್ರ ಕೆಟ್ಟಿದ್ದರೆ ಕಾಗದ, ಬೆಳಕು ಎರಡೂ ನಿರಪರಾಧಿಗಳು. ನೆಗೆಟಿವ್ ಮಾಡುವಾಗ ಏನೋ ಆಗಿದೆ. ಟ್ಯಾಬ್ಲೆಟ್‌ಗೆ ಪ್ರಿಂಟರ್ ಗೊತ್ತಿಲ್ಲ, ಅದೇ ಅದರ ದೊಡ್ಡ ಗುಣ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕಾಗದ, ಹೊತ್ತು, ಕರ್ವ್ ಮೂರನ್ನೂ ಒಟ್ಟಿಗೆ ಬದಲಿಸಿ ಚಿತ್ರ ಸರಿ ಬಂದರೆ ಆ ಸಂತೋಷ ಆ ಒಂದು ಪ್ರಿಂಟ್‌ಗೆ ಮಾತ್ರ.

ಸಯನೋಟೈಪ್ ಬಿಟ್ಟು ಬೇರೆ ವಿಧಾನಕ್ಕೆ ಹೋದಾಗ

ಸಯನೋಟೈಪ್‌ನ ನೆಗೆಟಿವ್ ಅನ್ನೇ ಸಾಲ್ಟ್ ಪ್ರಿಂಟ್‌ಗೆ (ಉಪ್ಪು, ಬೆಳ್ಳಿಯ ಲವಣದಿಂದ ಮೂಡಿಸುವ ಚಿತ್ರ) ಇಟ್ಟರೆ ಸಪ್ಪೆ ಚಿತ್ರ ಬರುತ್ತದೆ. ತಪ್ಪೇನಿಲ್ಲ, ಸಾಲ್ಟ್ ಪ್ರಿಂಟ್‌ಗೆ ಇನ್ನೂ ದಟ್ಟವಾದ ನೆಗೆಟಿವ್ ಬೇಕು. ಪ್ರತಿ ವಿಧಾನಕ್ಕೂ ಅದರದೇ ಕರ್ವ್.

ಬೆಳ್ಳಿ, ಕಬ್ಬಿಣದ ಲವಣಗಳಿಂದ ಮಾಡುವ ವ್ಯಾನ್‌ಡೈಕ್‌ನಲ್ಲಿ ಕಂದು ಬಣ್ಣ ಹೈಪೋದಲ್ಲಿ (ಚಿತ್ರ ನಿಲ್ಲಿಸುವ ದ್ರಾವಣ) ಕರಗಿಹೋದರೆ ಹೈಪೋ ಗಟ್ಟಿಯಾಗಿದೆ ಅಥವಾ ಜಾಸ್ತಿ ಹೊತ್ತು ಬಿಟ್ಟಿದ್ದೀರಿ. ಸಾಲ್ಟ್ ಪ್ರಿಂಟ್, ವ್ಯಾನ್‌ಡೈಕ್ ಎರಡರಲ್ಲೂ ಸಿಲ್ವರ್ ನೈಟ್ರೇಟ್ ಇದೆ. ಚರ್ಮ ಕಪ್ಪಾದರೆ ವಾರದಲ್ಲಿ ಹೋದೀತು, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕವಿಲ್ಲದೆ ಬಾಟಲಿ ತೆರೆಯಬೇಡಿ, ಬಳಸಿದ ದ್ರಾವಣ ಚರಂಡಿಗೆ ಚೆಲ್ಲಬೇಡಿ.

ಗೋಂದಿನಲ್ಲಿ ಬಣ್ಣ ಕಲಸಿ ಬಳಿಯುವ ಗಮ್ ಪ್ರಿಂಟ್‌ನಲ್ಲಿ ಮೂರು ಬಣ್ಣ ಒಂದರ ಮೇಲೊಂದು ಕೂರದಿದ್ದರೆ, ಮೊದಲು ಕಾಗದವನ್ನು ಬಿಸಿನೀರಲ್ಲಿ ನೆನೆಸಿ ಕುಗ್ಗಿಸಿಕೊಂಡಿರಾ ನೋಡಿ. ಆಮೇಲೆ ಮೂರೂ ನೆಗೆಟಿವ್ ಪ್ರಿಂಟರ್‌ಗೆ ಒಂದೇ ದಿಕ್ಕಿನಲ್ಲಿ ಹೋಗಿವೆಯೇ ನೋಡಿ. ಒಂದು ಅಡ್ಡ, ಇನ್ನೊಂದು ಉದ್ದ ಹೋಗಿದ್ದರೆ ಅಳತೆಯಲ್ಲೇ ಕೂದಲೆಳೆ ವ್ಯತ್ಯಾಸ ಬರುತ್ತದೆ. ಇದಕ್ಕೆ ಬಳಸುವ ಡೈಕ್ರೊಮೇಟ್ ಎಂಬ ರಾಸಾಯನಿಕ ಕ್ಯಾನ್ಸರ್ ತರುವ ವಸ್ತು. ಅದನ್ನು ಓದಿ ಕಲಿಯಬೇಡಿ, ಬಲ್ಲವರ ಪಕ್ಕ ನಿಂತು ಕಲಿಯಿರಿ.

ಪ್ಲಾಟಿನಂ ಪ್ರಿಂಟ್ ತುಂಬಾ ದುಬಾರಿ. ನೆಗೆಟಿವ್‌ನಲ್ಲಿ ಗೆರೆ, ಚುಕ್ಕೆ, ತಿರುವು ತಪ್ಪಿದೆಯೇ ಎಂದು ತಿಳಿಯಲು ಮೊದಲು ಒಂದು ಸಯನೋಟೈಪ್ ತೆಗೆದು ನೋಡಿ. ಬಣ್ಣದ ಏರಿಳಿತ ಅದರಿಂದ ತಿಳಿಯದು, ಉಳಿದದ್ದು ತಿಳಿಯುತ್ತದೆ.

ವಾರ ಕಳೆದ ಮೇಲೆ ಬಣ್ಣ ಇಳಿದಿದೆ

ಹಳದಿ ಕಲೆ ಬಂದಿದ್ದರೆ ತೊಳೆದದ್ದು ಸಾಲದು. ನೀರಿನಲ್ಲಿ ಹಳದಿ ಕಾಣದಂತಾಗುವವರೆಗೆ, ನಾಲ್ಕೈದು ಸಲ ನೀರು ಬದಲಿಸಿ ತೊಳೆಯಬೇಕಿತ್ತು. ನಲ್ಲಿ ನೀರು ಗಡುಸಾಗಿದ್ದರೆ ಮೊದಲ ನೀರಿಗೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ.

ಹಳದಿ ಇಲ್ಲ, ನೀಲಿ ಮಾತ್ರ ಪೇಲವವಾಗಿದೆ ಅಂದರೆ ಪ್ರಿಂಟ್ ಎಲ್ಲಿ ತೂಗುಹಾಕಿದ್ದಿರಿ? ಜೋರು ಬೆಳಕಿಗೆ ಸಯನೋಟೈಪ್ ಮಂಕಾಗುತ್ತದೆ. ಕತ್ತಲೆಯ ಡ್ರಾಯರ್‌ನಲ್ಲಿ ಕೆಲವು ದಿನ ಬಿಡಿ. ಬಹಳಷ್ಟು ನೀಲಿ ವಾಪಸ್ ಬರುತ್ತದೆ. ಬರಲಿಲ್ಲವೆಂದರೆ ಕ್ಷಾರ ತಗುಲಿದೆ: ಸೋಪಿನ ಕೈ, ಅಥವಾ ಹಿಂದೆ ಇಟ್ಟ ಕ್ಷಾರದ ರಟ್ಟು. ಅದಕ್ಕೆ ಮದ್ದಿಲ್ಲ. ರಟ್ಟು ಬದಲಿಸಿ, ನೆಗೆಟಿವ್ ಹೊರತೆಗೆಯಿರಿ, ಇನ್ನೊಂದು ಹಾಳೆಗೆ ಬಳಿಯಿರಿ.